ಕಾಲಿಗೆ ರಿಂಗ್ ಹಾಕಿದ್ದೀರಿ, ತೊಳೆಯುವುದನ್ನೂ ಕಲಿಸಿ

ಕೊಪ್ಪಳ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಕಾರಟಗಿ ತಾಲ್ಲೂಕಿನ ರೈತನೊಬ್ಬನ ನಮಸ್ಕಾರ.

ಹೋದ ಕೊಯ್ಲಿನಲ್ಲಿ ನನ್ನ ತಮ್ಮನ ಬೈಕು, ಕತ್ತಲಲ್ಲಿ ನಿಂತಿದ್ದ ಭತ್ತದ ಟ್ರೇಲರಿಗೆ ಬಡಿಯಿತು. ಟ್ರೇಲರಿನ ಹಿಂದೆ ರೇಡಿಯಂ ಇರಲಿಲ್ಲ (ಅದು ಬೇರೆಯೇ ಪತ್ರವಾದೀತು). ಮೊಣಕಾಲ ಕೆಳಗಿನ ಎಲುಬು ಚರ್ಮ ಸೀಳಿ ಹೊರಬಂದಿತ್ತು. ಡಾಕ್ಟರು ಆಪರೇಷನ್ ಮಾಡಿ ರಿಂಗ್ ಹಾಕಿದರು: ಎಲುಬು ಅಲುಗದಂತೆ ಕಾಲಿನ ಸುತ್ತ ಹೊರಗೆ ಲೋಹದ ಬಳೆಗಳು, ಅವಕ್ಕೆ ಬಿಗಿದು ಎಲುಬಿನೊಳಗೆ ಹಾಯಿಸಿದ ಎಂಟು ತಂತಿ, ಕಾಲಿನ ಈ ಕಡೆಯಿಂದ ಆ ಕಡೆಗೆ. ಅಂದರೆ ಚರ್ಮದಲ್ಲಿ 16 ತೂತು. ಕಾಲು ಉಳಿಸಿದ್ದೇ ಅವರು, ಆ ಬಗ್ಗೆ ನನ್ನ ತಕರಾರಿಲ್ಲ.

ಡಿಸ್ಚಾರ್ಜ್ ದಿನ "ಕ್ಲೀನ್ ಇಟ್ಕೊಳ್ರಿ" ಅಂದರು. ಅಷ್ಟೇ.

ಕ್ಲೀನ್ ಅಂದರೇನು? ನಮ್ಮವ್ವನ ಪ್ರಕಾರ ಅರಿಷಿಣ ಒತ್ತುವುದು. ಓಣಿಯವರ ಪ್ರಕಾರ ಪೌಡರ್ ಉದುರಿಸುವುದು. ನಾನು ಒಂದೇ ಹತ್ತಿಯುಂಡೆಯಿಂದ ಹದಿನಾರನ್ನೂ ಒರೆಸುತ್ತಿದ್ದೆ. ಒಂದರ ನಂಜನ್ನು ಉಳಿದವಕ್ಕೆ ನಾನೇ ಹಂಚುತ್ತಿದ್ದೆ ಅಂತ ಆಮೇಲೆ ತಿಳಿಯಿತು. ಹತ್ತಿಯ ಎಳೆ ತಂತಿಗೆ ಸುತ್ತಿಕೊಂಡು, ಜಿನುಗಿದ ನೀರಿನ ಜೊತೆ ಒಣಗಿ ಬಿರಡೆಯಂತೆ ಕೂತಿತ್ತು. ಅದರಡಿಗೆ ಕೀವು.

ಹತ್ತಿರದ ಆರೋಗ್ಯ ಕೇಂದ್ರದಲ್ಲಿ "ಇದನ್ನ ಮುಟ್ಟಾಕ ನಮಗ ಅಂಜಿಕಿ, ಹಾಕಿದವ್ರ ಹತ್ರಾನ ಹೋಗ್ರಿ" ಅಂದರು. ಹೋಗಬೇಕೆಂದರೆ ಗಂಗಾವತಿಯಲ್ಲಿ ಇಳಿದು ಇನ್ನೊಂದು ಬಸ್ ಹತ್ತಬೇಕು. ಮೂರು ರಿಂಗಿನ ಕಾಲು ಸೀಟಿನ ನಡುವೆ ಹಿಡಿಯುವುದಿಲ್ಲ. ನಾಳೆ, ನಾಡಿದ್ದು ಅನ್ನುತ್ತಾ ವಾರ ಕಳೆಯಿತು. ಅಷ್ಟರಲ್ಲಿ ಎರಡು ತಂತಿ ಸಡಿಲಾಗಿ, ಅವನ್ನು ತೆಗೆಯಬೇಕಾಯಿತು.

ತಂತಿ ಹೊಕ್ಕ ಜಾಗ ಮುಚ್ಚದ ಗಾಯ. ಚರ್ಮದ ಮೇಲಿರುವ ಸ್ಟ್ಯಾಫಿಲೋಕಾಕಸ್‌ನಂಥ ಕ್ರಿಮಿಗೆ ಅದು ಎಲುಬಿನ ತನಕ ನೇರ ದಾರಿ. ಕೆಂಪಗಾಗಿ, ಬಿಸಿಯೇರಿ, ನೋವು ಹೆಚ್ಚಿದಾಗಲೇ ತೋರಿಸಿದರೆ ಸಾಮಾನ್ಯವಾಗಿ ಡ್ರೆಸ್ಸಿಂಗ್ ಮತ್ತು ಡಾಕ್ಟರು ಕೊಟ್ಟ ಗುಳಿಗೆಯಲ್ಲಿ ಇಳಿಯುತ್ತದೆ. ನಂಜು ಎಲುಬಿಗೆ ಇಳಿದರೆ ವರ್ಷಗಟ್ಟಲೆ ಕಾಡಬಹುದು.

ತೊಳೆಯಲು ಸಲೈನ್ ಅನ್ನುವ ಉಪ್ಪುನೀರೋ, ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನೋ, ದಿನಾನೋ ವಾರಕ್ಕೊಮ್ಮೆಯೋ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಅದನ್ನು ಅವರಿಗೇ ಬಿಡೋಣ. ಮೊದಲು ಸೋಪು ಹಚ್ಚಿ ಕೈ ತೊಳಿ, ತೂತಿಗೊಂದು ಹೊಸ ಗಾಜ್ ಬಟ್ಟೆ ತಗೋ, ಹತ್ತಿ ಬೇಡ, ತೊಳೆದ ಮೇಲೆ ಒಣಗಿಸು, ಪೌಡರ್ ಹಾಕಬೇಡ, ಕಾಲುವೆಗೆ ಇಳಿಯಬೇಡ, ಬೀಡಿ ಬಿಡು. ಇಷ್ಟನ್ನು ಎರಡನೇ ಸಲ ಆಸ್ಪತ್ರೆಗೆ ಹೋದಾಗ ಒಬ್ಬ ಸಿಸ್ಟರ್ ಹತ್ತೇ ನಿಮಿಷದಲ್ಲಿ, ನನ್ನ ಕೈಯಿಂದಲೇ ಮಾಡಿಸಿ ಕಲಿಸಿದರು. ಬೀಡಿಯ ಮಾತಿಗೆ ಮಾತ್ರ ನನ್ನ ತಮ್ಮ ಗೋಡೆ ಕಡೆ ತಿರುಗಿದ.

ಆ ಹತ್ತು ನಿಮಿಷ ಡಿಸ್ಚಾರ್ಜ್ ಚೀಟಿಗಿಂತ ಮೊದಲು ಸಿಗಲಿ. ಮನೆಯವರೊಬ್ಬರು ಸಿಸ್ಟರ್ ಎದುರು ಒಂದು ಸಲ ತಾವೇ ತೊಳೆದು ತೋರಿಸದ ಹೊರತು ರೋಗಿಯನ್ನು ಕಳಿಸಬಾರದು. ಚಿತ್ರ ಇರುವ ಕನ್ನಡದ ಒಂದು ಹಾಳೆ ಕೊಡಲಿ. ನಮ್ಮವ್ವನಿಗೆ ಓದು ಬರುವುದಿಲ್ಲ, ಚಿತ್ರ ತಿಳಿಯುತ್ತದೆ. ಊರಿನ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಈ ಡ್ರೆಸ್ಸಿಂಗ್ ಕಲಿಸಿ, ಗಾಜ್ ಮತ್ತು ಸಲೈನ್ ಅಲ್ಲೇ ಇಡಿಸಿ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದಲ್ಲಿ ಕಟ್ಟಡಗಳಿಗೇನೂ ಕಡಿಮೆಯಿಲ್ಲ. ಇದಕ್ಕೆ ಕಟ್ಟಡವೇ ಬೇಡ.

ಜಿಲ್ಲೆಯ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯಾದ ಡಿಎಚ್‌ಒ ಅವರನ್ನು ಒಂದೇ ಪ್ರಶ್ನೆ ಕೇಳಿ: ರಿಂಗ್ ಹಾಕಿದ ಕಾಲನ್ನು ಅಂಜದೆ ಮುಟ್ಟುವವರು ಜಿಲ್ಲೆಯ ಎಷ್ಟು ಉಪಕೇಂದ್ರಗಳಲ್ಲಿದ್ದಾರೆ? ತಮ್ಮನ ಕಾಲಿಗೆ ರಿಂಗ್ ಇನ್ನೂ ಕೆಲವು ತಿಂಗಳು ಇರುತ್ತದೆ. ಉತ್ತರಕ್ಕೆ ಕಾಯುತ್ತೇವೆ.

ಇತಿ,
ಕಾರಟಗಿ ತಾಲ್ಲೂಕಿನ ರೈತ