ಸರಪಳಿ, ಕೊಳಗ ಗುಜರಿ ಪಾಲಾಗದಿರಲಿ

ಮಾನ್ಯ ಸಂಪಾದಕರೇ,

ಹೋದ ವಾರ ಚಿಕ್ಕಮಗಳೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೇ ಪೈಪು ಹುಡುಕುತ್ತಿದ್ದೆ. ಕಬ್ಬಿಣದ ರಾಶಿಯೊಳಗೆ ಒಂದು ಸರಪಳಿ ಸಿಕ್ಕಿತು. ಎರಡು ತುದಿಗೂ ಹಿತ್ತಾಳೆ ಹಿಡಿ. ಬಿಡಿಸಿ ಟೇಪ್ ಹಿಡಿದರೆ ಸರಿಯಾಗಿ 33 ಅಡಿ. ಜಮೀನು ಅಳೆಯುವ ಸರ್ವೆ ಸರಪಳಿ! ಪಕ್ಕದಲ್ಲೇ ಭತ್ತ ಅಳೆಯುವ, ಕಂಠ ನಜ್ಜಿದ ಒಂದು ಕೊಳಗ. ಎರಡನ್ನೂ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಟ್ಟರು. ತುಂಬಾ ಬೇಜಾರಾಯಿತು.

ನಮ್ಮ ಪಹಣಿಯಲ್ಲಿ ಇವತ್ತಿಗೂ ಎಕರೆ, ಗುಂಟೆ, ಆಣೆ ಅಂತಲೇ ಇರುತ್ತದೆ ಅಲ್ವಾ? ಆ ಗುಂಟೆ ಈ ಸರಪಳಿಯದ್ದು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ 1,089 ಚದರ ಅಡಿ. ಅದೇ ಒಂದು ಗುಂಟೆ. ಅಂಥವು 40 ಸೇರಿದರೆ ಎಕರೆ. ಗುಂಟೆಯ 16ನೇ ಒಂದು ಪಾಲು ಆಣೆ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರ ಹೊತ್ತಿಗೆ ಬಳಕೆಗೆ ತಂದ ಸರಪಳಿ 66 ಅಡಿ. ನಮ್ಮದು ಅದರ ಅರ್ಧ.

ಮಲೆನಾಡಿನ ಗದ್ದೆ ಚೌಕವಾಗಿ ಎಲ್ಲಿರುತ್ತದೆ? ಅದಕ್ಕೂ ಉಪಾಯವಿತ್ತು. ಗದ್ದೆ ನಡುವೆ ಉದ್ದಕ್ಕೂ ಸರಪಳಿ ಎಳೆಯುವುದು. ಕ್ರಾಸ್ ಸ್ಟಾಫ್ ಅಂದರೆ ತಲೆಯಲ್ಲಿ ಅಡ್ಡ ಸೀಳುಗಳಿರುವ ಕೋಲು ನೆಟ್ಟು, ಅದರ ಸೀಳಿನಲ್ಲಿ ಕಣ್ಣಿಟ್ಟು, ಮೂಲೆಯ ಕಲ್ಲು ನೇರ ಅಡ್ಡಕ್ಕೆ ಕಾಣುವ ಜಾಗ ಹುಡುಕುವುದು. ಎಷ್ಟೇ ಸೊಟ್ಟ ಗದ್ದೆಯಾದರೂ ತ್ರಿಕೋನ, ತ್ರಾಪಿಜ್ಯಗಳಾಗಿ ಲೆಕ್ಕಕ್ಕೆ ಸಿಗುತ್ತದೆ. ಆದರೆ ಎಳೆದೆಳೆದು ಸರಪಳಿಯ ಕೊಂಡಿ ಬಾಯಿ ಬಿಡುತ್ತದೆ. ಎರಡೇ ಇಂಚು ಉದ್ದವಾದರೂ ಎಕರೆಗೆ ಸುಮಾರು 440 ಚದರ ಅಡಿ ಕಡಿಮೆ ತೋರಿಸುತ್ತದೆ. ಒಂದು ಕೊಟ್ಟಿಗೆಯ ಜಾಗ!

ಕೊಳಗ ನೋಡಿದಾಗ ನಮ್ಮಜ್ಜನ ಕಣ ನೆನಪಾಯಿತು. ಭತ್ತ ಅಳೆಯುವಾಗ ಮೊದಲನೆಯದಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. 20 ಕೊಳಗಕ್ಕೆ ಒಂದು ಖಂಡುಗ. ಖಂಡುಗ ಬೀಜ ಹಿಡಿಯುವ ಗದ್ದೆಗೆ ಖಂಡುಗದ ಗದ್ದೆ ಅಂತಲೇ ಹೆಸರು. ಕಾಳು ಅಳೆಯುವ ಪಾತ್ರೆಯಿಂದ ನೆಲವನ್ನೂ ಅಳೆದರು. ಹೊಯ್ಸಳರ ಶಾಸನಗಳಲ್ಲೂ ದಾನದ ಗದ್ದೆಗೆ ಸಲಗೆ, ಖಂಡುಗದ ಲೆಕ್ಕ ಸಿಗುತ್ತದೆ.

ಇದೆಲ್ಲ ಹಳೇ ಕಥೆ ಅಂತ ಬಿಡುವ ಹಾಗಿಲ್ಲ. ತೋಟದ ಸಿಲ್ವರ್ ಓಕ್ ಮಾರುವಾಗ ನೋಡಿ. ದಿಮ್ಮಿಯ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುವ ಲೆಕ್ಕ ಇಂಗ್ಲೆಂಡಿನಿಂದ ಬಂದಿದ್ದು. 6 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಅದರಲ್ಲಿ 22.5 ಘನ ಅಡಿ. ನಿಜವಾಗಿ ಇರುವುದು 28ಕ್ಕೂ ಜಾಸ್ತಿ. ಸಿಗಿಯುವಾಗ ಹೋಗುವ ಹೊರಮೈಯನ್ನು ಈ ಲೆಕ್ಕ ಮೊದಲೇ ಕಳೆದುಬಿಡುತ್ತದೆ. ಇದು ಗೊತ್ತಿದ್ದು ಮಾರುವುದು ಬೇರೆ, ಗೊತ್ತಿಲ್ಲದೆ ಮಾರುವುದು ಬೇರೆ. ಹತ್ತನೇ ತರಗತಿಯ ನನ್ನ ಮಗನಿಗೆ ಸಿಲಿಂಡರಿನ ಸೂತ್ರ ಬಾಯಿಪಾಠ. ಅಂಗಳದ ದಿಮ್ಮಿ ಅಳೆ ಅಂದರೆ ಸುಮ್ನೆ ನಿಂತ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸರ್ವೆ ಕಚೇರಿಗಳಲ್ಲಿ ಹಳೇ ಸರಪಳಿ, ಕ್ರಾಸ್ ಸ್ಟಾಫ್ ಇನ್ನೂ ಉಳಿದಿದ್ದರೆ ದಯವಿಟ್ಟು ಹರಾಜು ಹಾಕಬೇಡಿ. ಹತ್ತಿರದ ಶಾಲೆಗಳಿಗೆ ಕೊಡಿ. ಅಟ್ಟದ ಮೇಲೆ ಕೊಳಗ, ಬಳ್ಳ, ಸೇರು, ಪಾವು ಇರುವವರೂ ಮಾರುವ ಮುಂಚೆ ಒಮ್ಮೆ ಮಕ್ಕಳ ಕೈಯಲ್ಲಿ ಭತ್ತ ಅಳೆಸಿ.

ಆ ಸರಪಳಿಗೆ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಯಾವ ಶಾಲೆಯವರು ತಮ್ಮ ಆಟದ ಮೈದಾನ ಅಳೆಯುತ್ತೇವೆ ಅನ್ನುತ್ತಾರೋ ಅವರಿಗೇ ಕೊಡುತ್ತೇನೆ. ಇನ್ನೊಂದು ತುದಿ ಹಿಡಿಯೋಕೆ ನಾನೂ ಬರುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು