ಅರ್ಥ ಆಯ್ತಾ ಎಂದು ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಮಕ್ಕಳು ಗಮನ ಕೊಡುವುದಿಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ ಎಂಬ ದೂರು ಸ್ಟಾಫ್ ರೂಮಿನಲ್ಲಿ ಸದಾ ಇದ್ದದ್ದೇ. ಗಣಿತ ಕಲಿಸುವ ನಾನು ಹೇಳುವುದಿಷ್ಟು: ನಾವು ಹೇಗೆ ಹೇಳುತ್ತಿದ್ದೇವೆ ಎಂಬುದನ್ನು ಮೊದಲು ನೋಡಿಕೊಳ್ಳೋಣ.

"ಪುಸ್ತಕ ತೆಗೀರಿ, ಮೂರನೇ ಲೆಕ್ಕ ಮಾಡಿ, ನಾಲ್ಕನೆಯದು ಬೇಡ, ಚಿತ್ರಕ್ಕೆ ಪೆನ್ಸಿಲ್, ಮಾರ್ಜಿನ್ ಬಿಡಿ." ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರೆ ಯಾವ ಮಗು ನೆನಪಿಟ್ಟುಕೊಳ್ಳುತ್ತದೆ? ದೊಡ್ಡವರ ಮನಸ್ಸೂ ಒಮ್ಮೆಗೆ ಹಿಡಿದಿಡುವುದು ಸುಮಾರು ನಾಲ್ಕು ವಿಷಯ ಮಾತ್ರ ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲೇ ಬರೆದಿದ್ದಾರೆ. ಒಂದೊಂದಾಗಿ ಹೇಳಿ, ಬೋರ್ಡಿನ ಮೇಲೂ ಬರೆಯಿರಿ. ಹಾಳೆ ಹಂಚುವ ಮುಂಚೆಯೇ ಹೇಳಿ ಮುಗಿಸಿ. ಹಾಳೆ ಕೈಗೆ ಬಂತೆಂದರೆ ನಮ್ಮ ಮಾತು ಯಾರಿಗೂ ಬೇಡ.

ಪಾಠ ವಿವರಿಸುವುದು ಇದಕ್ಕಿಂತ ಕಷ್ಟ. 1/2 ಮತ್ತು 1/3 ಕೂಡಿಸಿ ಎಂದರೆ ಎಷ್ಟೋ ಮಕ್ಕಳು 2/5 ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. "ಲ.ಸಾ.ಅ. ತೆಗಿ, ಛೇದ ಸಮ ಮಾಡು" (ಛೇದ ಎಂದರೆ ಕೆಳಗಿನ ಸಂಖ್ಯೆ, ಲ.ಸಾ.ಅ. ಎಂದರೆ ಎರಡೂ ಛೇದಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಎಂದು ಗದರಿದರೆ ಆ ಲೆಕ್ಕವೇನೋ ಸರಿಹೋಗುತ್ತದೆ. ಮುಂದಿನ ವಾರ ಮತ್ತೆ ಅದೇ ತಪ್ಪು. ಅದರ ಬದಲು ಕೇಳಿ: 2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತದಾ? ಮಗು ಅಲ್ಲೇ ತಡೆದು ಯೋಚಿಸುತ್ತದೆ. ಆಗ ಒಂದು ಉದ್ದ ಪಟ್ಟಿಯ ಚಿತ್ರ ಬರೆದು ಆರು ಸಮ ಮನೆ ಮಾಡಿ. ಅರ್ಧ ಎಂದರೆ ಮೂರು ಮನೆ, ಮೂರನೇ ಒಂದು ಭಾಗ ಎಂದರೆ ಎರಡು ಮನೆ. ಒಟ್ಟು 5/6. ಛೇದ ಯಾಕೆ ಸಮ ಆಗಬೇಕು ಎಂಬುದು ಕಣ್ಣೆದುರೇ ಇರುತ್ತದೆ.

ಇಷ್ಟಾದ ಮೇಲೆ "ಅರ್ಥ ಆಯ್ತಾ?" ಎನ್ನಬೇಡಿ. ಇಡೀ ತರಗತಿ "ಆಯ್ತೂ" ಎಂದು ರಾಗ ಎಳೆಯುತ್ತದೆ, ಅರ್ಥವಾಗದವನೂ ಅದರಲ್ಲಿ ಸೇರಿರುತ್ತಾನೆ. "ಈಗ ಮೊದಲು ಏನು ಮಾಡ್ತೀಯಾ, ಯಾಕೆ?" ಎಂದು ಒಬ್ಬರನ್ನು ಕೇಳಿ, ಆಮೇಲೆ ಸ್ವಲ್ಪ ಕಾಯಿರಿ. ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದರು. ಮೂರು ಸೆಕೆಂಡಿಗಿಂತ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಸುಮ್ನೆ ಕೂತಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಸಿಲೆಬಸ್ ಮುಗಿಸುವ ಒತ್ತಡ ನನಗೂ ಗೊತ್ತು. ಆದರೆ ಅಷ್ಟು ಹೊತ್ತನ್ನು ಮಕ್ಕಳಿಗೆ ಕೊಡಬಹುದು ಅಲ್ವಾ?

ಶಿಕ್ಷಕರ ತರಬೇತಿ ನಡೆಸುವವರಲ್ಲಿ ನನ್ನ ಕೋರಿಕೆ ಒಂದೇ. ದಿನವಿಡೀ ಸ್ಲೈಡ್ ತೋರಿಸುವುದು ಬೇಡ. ಒಂದು ಲೆಕ್ಕ ಕೊಟ್ಟು ನಮ್ಮಿಂದಲೇ ವಿವರಿಸಿ ಹೇಳಿಸಿ. ಕೇಳುವವರಿಗೆ ಎಲ್ಲಿ ಗೊಂದಲವಾಯಿತೋ ಅಲ್ಲೇ ನಿಲ್ಲಿಸಿ, ಮತ್ತೆ ಹೇಳಿಸಿ.

– ಒಬ್ಬ ಗಣಿತ ಶಿಕ್ಷಕಿ