ಕ್ಯಾಮೆರಾ ಮುಂದೆ ಕೂರುವ ಮೊದಲು

ರಾಯಚೂರು

ಚಿ. ಡಾಕ್ಟರಮ್ಮನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಟಿವಿಯವರು ವಾರಕ್ಕೆ ಅರ್ಧ ತಾಸು ಕೇಳಿದ್ದಾರಂತ ನಿಮ್ಮವ್ವ ಹೇಳಿದಳು. ಒಪ್ಪಿಕೋ ತಾಯಿ, ಆದರೆ ದಿನಾ ರೋಗಿಗಳನ್ನು ನೋಡುವ ಒಪಿಡಿ ಬಿಡಬೇಡ.

ಅಮೆರಿಕದ ಮೆಹ್ಮೆಟ್ ಆಜ್‌ನನ್ನೇ ನೋಡು. ಹೃದಯದ ಸರ್ಜನ್, ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್; ಕೈಗುಣದಲ್ಲಿ ಕೊರತೆ ಇರಲಿಲ್ಲ. 2009ರಿಂದ 2022ರವರೆಗೆ ಅವನದೇ ಟಿವಿ ಷೋ. ಟಿವಿಗೆ ದಿನಾ ಹೊಸದು ಬೇಕು, ವೈದ್ಯಶಾಸ್ತ್ರದಲ್ಲಿ ದಿನಾ ಹೊಸದು ಎಲ್ಲಿಂದ ಬಂದೀತು? ಹಸಿ ಕಾಫಿಬೀಜದ ಗುಳಿಗೆಯಿಂದ ತೂಕ ಇಳಿಯುತ್ತದೆ ಅಂತ ಹೊಗಳಿದ. ಅದಕ್ಕೆ ಆಧಾರವಾಗಿ ತೋರಿಸಿದ ಅಧ್ಯಯನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಬರೀ 16 ಮಂದಿಯ ಮೇಲೆ. 2014ರಲ್ಲಿ ಬರೆದವರೇ ಅದನ್ನು ಹಿಂದಕ್ಕೆ ಪಡೆದರು. ಅದೇ ವರ್ಷ ಸೆನೆಟ್ ಸಮಿತಿ ಅವನನ್ನು ಕೂರಿಸಿಕೊಂಡು ತರಾಟೆಗೆ ತೆಗೆದುಕೊಂಡಿತು, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕವೂ ಬಂತು: ಷೋದ ಸಲಹೆಗಳಲ್ಲಿ ಪುರಾವೆ ಸಿಕ್ಕಿದ್ದು 46%ಕ್ಕೆ ಮಾತ್ರ. ಇತ್ತ ಸಿಎನ್‌ಎನ್‌ನ ಸಂಜಯ್ ಗುಪ್ತಾ 2001ರಿಂದ ಟಿವಿಯಲ್ಲಿದ್ದರೂ ಮಿದುಳಿನ ಆಪರೇಷನ್ ಬಿಡಲಿಲ್ಲ.

ಅಷ್ಟು ದೂರ ಯಾಕೆ, ಪಕ್ಕದ ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ಅವರನ್ನು ನೋಡು. ವರ್ಷಗಟ್ಟಲೆ ವಿಡಿಯೋಗಳಲ್ಲಿ ಹೇಳಿದ್ದು ಒಂದೇ ಮಾತು: ಓಆರ್‌ಎಸ್ ಅಂತ ಹೆಸರಿಟ್ಟ ಸಿಹಿ ಪೊಟ್ಟಣ ಭೇದಿಯಾದಾಗ ಕುಡಿಸುವ ಸಕ್ಕರೆ-ಉಪ್ಪಿನ ನೀರಾದ ನಿಜವಾದ ಓಆರ್‌ಎಸ್ ಅಲ್ಲ. ಕೋರ್ಟಿಗೂ ಹೋದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕದಂತೆ ಆದೇಶ ಹೊರಡಿಸಿತು.

ನಿನ್ನ ಮೊದಲ ಕಂತೂ ಇದೇ ಆಗಲಿ, ನಮ್ಮ ಬಿಸಿಲಿಗೆ ಇದಕ್ಕಿಂತ ಬೇಕಾದ್ದು ಯಾವುದಿದೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ಯಾಕೆಟ್ 20.5 ಗ್ರಾಂ, ಒಂದು ಲೀಟರ್ ನೀರಿಗೆ. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಸಕ್ಕರೆ ಹೆಚ್ಚಾದರೆ ಕರುಳಿಗೇ ನೀರು ಎಳೆದು ಭೇದಿ ಜಾಸ್ತಿಯಾಗುತ್ತದೆ. ಜನ ತಪ್ಪುವುದು ನೀರಿನ ಅಳತೆಯಲ್ಲಿ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ, 200 ಮಿ.ಲೀ.ನ ಚಿಕ್ಕದನ್ನು ದೊಡ್ಡ ತಂಬಿಗೆಗೆ ಹಾಕಿದರೆ ಕುಡಿದೂ ಪ್ರಯೋಜನವಿಲ್ಲ. ಪುಡಿ ಇಲ್ಲದ ಮನೆಯಲ್ಲಿ ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ತಲೆ ಸವರಿದ ಅಳತೆ. ಕಲಸಿದ್ದನ್ನು 24 ತಾಸಿನ ಮೇಲೆ ಇಡಬಾರದು. ಸ್ಟುಡಿಯೋಕ್ಕೆ ಲೀಟರ್ ಬಾಟಲಿ, ಚಮಚ ನೀನೇ ಒಯ್ಯಿ. ಅವರು ಗಾಜಿನ ಹೂಜಿ ತಂದಿಟ್ಟಿರುತ್ತಾರೆ.

ಎಚ್ಚರಿಕೆ ಮೊದಲು ಹೇಳು, ಉಪಾಯ ಆಮೇಲೆ. ಕೊನೆಗೆ ಇಟ್ಟ 'ಆದರೆ'ಗೆ ಎಡಿಟರ್ ಕತ್ತರಿ ಹಾಕುತ್ತಾನೆ, ರೀಲ್ಸ್‌ನಲ್ಲಿ ಅರ್ಧ ಮಾತೇ ಊರೂರು ತಿರುಗುತ್ತದೆ. ನೀರು ಕುದಿಸಿ ಕುಡಿಯಿರಿ ಅನ್ನುವುದೂ ನಮ್ಮ ಕಡೆ ಅರ್ಧ ಮಾತೇ: ರೋಗಾಣು ಸಾಯುತ್ತವೆ, ಬೋರ್‌ವೆಲ್ಲಿನ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ಫೋನ್-ಇನ್‌ನಲ್ಲಿ ಗುಳಿಗೆಯ ಹೆಸರು, ಡೋಸು ಬಾಯಿಗೆ ಬರಬಾರದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ರೋಗಿಯ ಗುರುತು, ಒಪ್ಪಿಗೆ, ದಾಖಲೆ ಎಲ್ಲಾ ಬೇಕು. ಎರಡು ನಿಮಿಷದ ಕರೆಯಲ್ಲಿ ಯಾವುದೂ ಆಗದು. ಕರೆ ಮಾಡಿದ ಸಿಂಧನೂರಿನವರ ಬಿಪಿ ಗುಳಿಗೆಯನ್ನೇ ಮಸ್ಕಿಯಲ್ಲಿ ಕೂತು ಕೇಳಿದವರೂ ನುಂಗಿದರೆ? ಯಾವ ಲಕ್ಷಣ ಕಂಡರೆ ಎಷ್ಟು ಹೊತ್ತಿನೊಳಗೆ ದವಾಖಾನೆಗೆ ಹೋಗಬೇಕು, ಅಷ್ಟು ಹೇಳು. ನಿನ್ನ ಪೇಷಂಟಿನ ಕಥೆ ಹೆಸರು ಬಿಟ್ಟು ಹೇಳಿದರೂ ಬೇಡ, ಊರು-ಕಾಯಿಲೆ ಎರಡು ಸಿಕ್ಕರೆ ನಮ್ಮ ಮಂದಿ ಮನೆ ಹುಡುಕುತ್ತಾರೆ.

ಇನ್ನು ದುಡ್ಡು. ನೀನೇ ಹಣ ಕೊಟ್ಟು ಸ್ಲಾಟ್ ಕೊಳ್ಳುವ ಮಾತು ಎತ್ತಿದರೆ ಎದ್ದು ಬಾ. ಅದು ಜಾಹೀರಾತು, ವೈದ್ಯರ 2002ರ ನಡತೆ ನಿಯಮಕ್ಕೆ ವಿರುದ್ಧ. 2023ರ ಹೊಸ ನಿಯಮವನ್ನು ಅದೇ ಆಗಸ್ಟ್‌ನಲ್ಲಿ ತಡೆಹಿಡಿದದ್ದರಿಂದ ಹಳೆಯದನ್ನೇ ಓದಿಕೋ. ಕ್ಲಿನಿಕ್‌ನ ನಂಬರು ತೆರೆಯ ಮೇಲೆ ಓಡಬಾರದು. ಸಕ್ಕರೆ ಕಾಯಿಲೆ ಬುಡಸಮೇತ ಕೀಳುವ ಔಷಧಿಯ ಜಾಹೀರಾತು ನಿನ್ನ ಅರ್ಧ ತಾಸಿನ ನಡುವೆ ಬರಕೂಡದು ಅಂತ ಕರಾರಿನಲ್ಲೇ ಬರೆಸು. 1954ರ ಕಾಯ್ದೆ ಅಂಥದ್ದನ್ನು ನಿಷೇಧಿಸಿದೆ. ಎಡಿಟ್ ಆದ ಮೇಲೆ ಪ್ರಸಾರಕ್ಕೆ ಮೊದಲು ನೀನೊಮ್ಮೆ ನೋಡಬೇಕು, ಅದೂ ಇರಲಿ.

ಕರಾರಿನ ಪ್ರತಿ ಸಹಿಗೆ ಮೊದಲು ನನಗೆ ಕಳಿಸು.

ನಿನ್ನ ಸೋದರಮಾವ